ಬಾಗಿಲ ಬಳಿಯ ಬಂದರು

ಮನುಷ್ಯನ ಸ್ವಭಾವವನ್ನು ಅರಿಯಲು ಜಾತಕ, ಹಸ್ತರೇಖೆಗಳ ಗೊಡವೆಗೆ ಹೋಗಬೇಕಿಲ್ಲ, ಅವನು ಬಾಗಿಲಲ್ಲಿ ಚಪ್ಪಲಿ ಬಿಡುವ ಕ್ರಮವನ್ನು ನೋಡಿದರೆ ಸಾಕು ಎಂಬುದು ನನ್ನ ಹಳೆಯ ಸಿದ್ಧಾಂತ. ಕಂಡ ಕಂಡ ಕಂಪನಿಗಳೆಲ್ಲ ಹೆಸರಿನ ಹಿಂದೆ ಡಾಟ್ ಕಾಮ್ ಎಂಬ ಬಾಲ ಕಟ್ಟಿಕೊಂಡು ಕುಣಿಯುತ್ತಿದ್ದ ಕಾಲದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋಗೆ ಹತ್ತಿರದ ಕ್ಯಾಂಪ್‌ಬೆಲ್‌ ಊರಿನ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಈ ಶಾಸ್ತ್ರದ ಅಧ್ಯಯನಕ್ಕೆ ಬೇಕಾದಷ್ಟು ಸಾಮಗ್ರಿ ಬಿದ್ದಿರುತ್ತಿತ್ತು. ಅಲ್ಲೇ ಆಸುಪಾಸಿನ ಡಬ್ಲಿನ್ ಎಂಬ ಊರಿನಿಂದ ಬರುವ ಗೆಳೆಯನ ಬೂಟುಗಳು ಒಂದರ ಮೇಲೊಂದು ಹತ್ತಿ ಕುಳಿತಿರುತ್ತಿದ್ದವು. ನನ್ನವು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಂದೊಂದು ದಿಕ್ಕಿಗೆ. ಒಂಬತ್ತು ವರ್ಷದ ಮಗಳು ನಿಧಿಯ ಬೂಟುಗಳನ್ನಂತೂ ದಿನವೂ ಹುಡುಕಬೇಕಿತ್ತು. ಈ ಅರಾಜಕತೆಯ ನಡುವೆ ಒಂದು ಜೊತೆ ತೊಗಲಿನ ಚಪ್ಪಲಿ ಮಾತ್ರ ಪಕ್ಕಪಕ್ಕ ಅಂಟಿಕೊಂಡು, ಮೂತಿಯನ್ನು ಬೀದಿಯ ಕಡೆಗೆ ಮಾಡಿ ನಿಂತಿರುತ್ತಿತ್ತು.

ಅವು ನನ್ನ ಮಾವನವರವು. ಹೊನ್ನಾವರದಿಂದ ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದವರು. ಮೂತಿ ಹೊರಗೆ ಮಾಡಿದ ಚಪ್ಪಲಿಯನ್ನು ಕಂಡ ಮೊದಲ ದಿನವೇ ನನ್ನ ಶಾಸ್ತ್ರ ತೀರ್ಪು ಕೊಟ್ಟಿತು: ಈ ಮನುಷ್ಯನಿಗೆ ಇಲ್ಲಿ ಮನಸ್ಸಿಲ್ಲ, ಕಾಲು ಹಾಕಿದರೆ ಸಾಕು, ಹೊರಟೇಬಿಡುತ್ತಾರೆ. ಮೂರನೆಯ ತಿಂಗಳಲ್ಲಿ ತೀರ್ಪಿಗೆ ಸಾಕ್ಷಿಯೂ ದೊರೆಯಿತು.

"ಅಳಿಯಂದ್ರೇ, ಊರಿಗೆ ಹೋಗುವ ಟಿಕೆಟು ಸ್ವಲ್ಪ ಬೇಗದ್ದು ಮಾಡಿಸ್ಲಿಕ್ಕೆ ಆಗ್ತದಾ?" ಎಂದರು ಒಂದು ಬೆಳಿಗ್ಗೆ.

"ಯಾಕ್ ಮಾವ, ಏನಾದ್ರೂ ತೊಂದ್ರೆ ಆಯ್ತಾ?"

"ತೊಂದ್ರೆ ಎಂತದೂ ಇಲ್ಲ ಮಾರಾಯ್ರೆ. ಮಗು ಹತ್ರ ಎರಡು ಮಾತಾಡುವಾ ಅಂತ ಬಂದೆ. ಗೋಡೆ ಹತ್ರ ಆಡಿದ ಹಾಗೆ ಆಗ್ತದೆ. ಊರಲ್ಲೂ ಗೋಡೆ ಉಂಟಲ್ಲ!"

ಒಳಗೆ ಚಪಾತಿ ಲಟ್ಟಿಸುತ್ತಿದ್ದ ನನ್ನ ಹೆಂಡತಿ ಶೈಲಾಳ ಲಟ್ಟಣಿಗೆ ನಿಂತ ಸದ್ದು ನನಗೆ ಕೇಳಿಸಿತು.

ಮಾವನವರ ದೂರಿನಲ್ಲಿ ಸುಳ್ಳಿರಲಿಲ್ಲ. ಅವರ ತಂದೆ ಮಂಜಿಯ ತಂಡೇಲರು, ಅಂದರೆ ಹಾಯಿ ಕಟ್ಟಿಕೊಂಡು ಸರಕು ಸಾಗಿಸುವ ಮರದ ಹಡಗಿನ ಯಜಮಾನರು. ಹದಿಹರೆಯದಲ್ಲಿ ಮಾವನವರೂ ಹೆಂಚು ಹೇರಿಕೊಂಡು ಮುಂಬಯಿಯವರೆಗೆ ಗಾಳಿಯ ಮರ್ಜಿಯಲ್ಲಿ ಹೋಗಿ ಬಂದವರು. ಆ ಕಥೆಗಳನ್ನೆಲ್ಲ ಅವರು ಸಂಜೆಯ ತಿಂಡಿಯ ಹೊತ್ತಿಗೆ ಮೊಮ್ಮಗಳ ಮುಂದೆ ಬಿಚ್ಚುತ್ತಿದ್ದರು. ಅವಳೋ ಕೈಯಲ್ಲಿನ ಆಟದ ಯಂತ್ರದಿಂದ ಕಣ್ಣು ತೆಗೆಯದೆ "ಓಕೆ ಅಜ್ಜ" ಎನ್ನುತ್ತಿದ್ದಳು. ಬಿರುಗಾಳಿಗೂ ಓಕೆ, ಮುರಿದ ಚುಕ್ಕಾಣಿಗೂ ಓಕೆ. ನಾನಾದರೂ ಹೂಂಗುಟ್ಟಬಹುದಿತ್ತು. ಆದರೆ ನಾನು ಮಂಡ್ಯದವನು, ವಿಶ್ವೇಶ್ವರಯ್ಯ ನಾಲೆಗಿಂತ ದೊಡ್ಡ ನೀರನ್ನು ಇಪ್ಪತ್ತರ ತನಕ ಕಂಡವನಲ್ಲ. ಮೇಲಾಗಿ ನಮ್ಮ ಕಂಪನಿಯೇ ಆಗ ಬರೀ ಗಾಳಿಯ ಮೇಲೆ ಓಡುತ್ತಿತ್ತು. ಏನನ್ನು ಮಾರುತ್ತೇವೆಂಬುದು ಮಾರುವ ನಮಗೂ ಸ್ಪಷ್ಟವಿರಲಿಲ್ಲ. ಅದರ ಹಾಯಿ ಹಿಡಿಯುವುದರಲ್ಲೇ ನನ್ನ ಹಗಲು ಮುಗಿಯುತ್ತಿತ್ತು.

"ಟಿಕೆಟ್ ಆಮೇಲೆ. ಮೊದ್ಲು ಆ ಹಳೇ ಹಡಗು ದಡಕ್ಕೆ ಕಟ್ಟಿ ಇಟ್ಟಿದಾರಲ್ಲ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಅಲ್ಲಿಗೆ ಅಪ್ಪನ್ನ ಕರ್ಕೊಂಡ್ ಹೋಗಿ. ಮೂರು ತಿಂಗಳಿಂದ ಶಾಪಿಂಗ್ ಮಾಲು ತೋರಿಸ್ತಾ ಇದೀರ, ಅಪ್ಪ ಅಲ್ಲಿನ ಬೆಂಚ್ ಮೇಲೆ ನಿದ್ದೆ ಮಾಡ್ತಿದಾರೆ" ಎಂದು ಶೈಲಾ ಆಜ್ಞಾಪಿಸಿದಳು.

ನಾನು ಬರಿಗೈಯಲ್ಲಿ ಹೋಗುವ ಆಸಾಮಿಯಲ್ಲ. ಅಂತರ್ಜಾಲವನ್ನು ಜಾಲಾಡಿ, ಆಫೀಸಿನ ಪ್ರಿಂಟರಿನಲ್ಲಿ ಕಾಗದದ ಒಂದು ಕಂತೆಯನ್ನೇ ಮುದ್ರಿಸಿಕೊಂಡೆ. ಇಲ್ಲಿಂದ ಉತ್ತರಕ್ಕೆ ಬಂಡೆಗಳ ಕಡಿದಾದ ಕರಾವಳಿಯಂತೆ, ನೆಟ್ಟಗಿನ ಬಂದರೇ ಇಲ್ಲವಂತೆ. ನಾಯಿಯೊಂದು ಸುತ್ತು ತಿರುಗಿ ಮಲಗುವಷ್ಟು ಜಾಗವಿದ್ದರೆ ಅದೇ ಬಂದರು. ಅಲ್ಲಿಗೂ ಹಾಯಿಹಡಗುಗಳು ನುಗ್ಗಿ, ಬಂಡೆಯ ನೆತ್ತಿಯಿಂದ ಜಾರಿಬಿಡುವ ಕೆಂಪು ಮರದ ಹಲಗೆಗಳನ್ನು ಹೊತ್ತು ತಂದು ಈ ನಗರವನ್ನು ಕಟ್ಟಿದವಂತೆ. ಇದನ್ನೆಲ್ಲ ಮಾವನವರಿಗೆ ಬೋಧಿಸಬೇಕೆಂಬ ಉತ್ಸಾಹದಲ್ಲಿ, ನಿಧಿಯನ್ನೂ ಕರೆದುಕೊಂಡು ಹೋಗಿ, ಹಡಗು ಕಟ್ಟುವ ದಕ್ಕೆಯ ಮೇಲೆ ನಿಂತು ಮೊದಲ ಪುಟ ತೆರೆದೆನೋ ಇಲ್ಲವೋ, ಕೊಲ್ಲಿಯ ಗಾಳಿ ನನ್ನ ಪಾಂಡಿತ್ಯವನ್ನು ಒಂದೊಂದೇ ಹಾಳೆಯಾಗಿ ಕಡಲಸಿಂಹಗಳಿಗೆ ಹಂಚಿತು.

"ಪಡುಗಾಳಿ" ಎಂದರು ಮಾವನವರು, ಹಳೆಯ ನೆಂಟನನ್ನು ಕಂಡವರಂತೆ. ಮೂರು ತಿಂಗಳಲ್ಲಿ ಅವರು ಬೆನ್ನು ನೆಟ್ಟಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೂರು ಕಂಬದ ಹಳೆಯ ಮರದ ಹಡಗಿಗೆ ಹತ್ತುವ ಹಲಗೆಯ ಬಳಿ ಅವರು ನಿಂತರು, ಬಗ್ಗಿದರು, ಚಪ್ಪಲಿ ಬಿಟ್ಟರು. ಹಡಗಿನ ಪಕ್ಕೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಬರಿಗಾಲಲ್ಲಿ ಹತ್ತಿದರು. "ಮಾವ, ಇಲ್ಲಿ ಹಾಗೇನಿಲ್ಲ" ಎಂದು ನಾನು ಪಿಸುಗುಟ್ಟುವಷ್ಟರಲ್ಲಿ ನಿಧಿಯೂ ಬೂಟು ಬಿಚ್ಚಿಯಾಗಿತ್ತು. ಮಾನ ಉಳಿಸಿಕೊಳ್ಳಲು ನಾನೂ ಬಿಚ್ಚಿ, ಹೆಬ್ಬೆರಳಿನ ಬಳಿ ತೂತುಬಿದ್ದ ಕಾಲುಚೀಲವನ್ನು ಲೋಕಕ್ಕೆ ಪ್ರದರ್ಶಿಸಿದೆ. ತಮಾಷೆಯೆಂದರೆ, ಹಿಂದೆ ಸಾಲಿನಲ್ಲಿದ್ದ ಬಿಳಿಯರ ಕುಟುಂಬವೊಂದು ಇದೇ ಇಲ್ಲಿಯ ನಿಯಮವಿರಬೇಕೆಂದು ಭಾವಿಸಿ ತಾನೂ ಬಿಚ್ಚಿತು. ಅವರ ಹಿಂದಿನವರೂ ಬಿಚ್ಚಿದರು. ಐದು ನಿಮಿಷದಲ್ಲಿ ಆ ದಕ್ಕೆ ನಮ್ಮೂರ ಆಂಜನೇಯನ ಗುಡಿಯ ಶನಿವಾರದಂತೆ ಕಾಣತೊಡಗಿತು.

ಹಡಗನ್ನು ನೋಡಿಕೊಳ್ಳುತ್ತಿದ್ದ ವಾಲ್ಟರ್ ಎಂಬ ಬಿಳಿಗಡ್ಡದ ಮುದುಕ ಈ ಬರಿಗಾಲಿನ ಪರಿಷೆಯನ್ನು ಕಂಡು ಮೊದಲು ಬೆರಗಾದ. ಆಮೇಲೆ ಮಾವನವರು ಹಗ್ಗದ ಸುರುಳಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ ರೀತಿಯನ್ನು ಕಂಡು ಹತ್ತಿರ ಬಂದ. ಈ ಹಡಗುಗಳಿಗೆ ನಡುಗಡಲು ದೊಡ್ಡ ಭಯವಲ್ಲ, ನದಿ ಸಮುದ್ರಕ್ಕೆ ಸೇರುವ ಬಾಯಿಯಲ್ಲಿ ಮರಳದಿಣ್ಣೆ ದಾಟುವುದೇ ಭಯ ಎಂದ. ನಾನದನ್ನು ಕನ್ನಡಕ್ಕೆ ತಿರುಗಿಸಿದೆ. ಮಾವನವರ ಮುಖ ಅರಳಿತು. ಅಳಿವೆ, ತೆರೆ, ಇಳಿತ, ಇನ್ನೂ ಏನೇನೋ ಸೇರಿಸಿ ಒಂದೇ ಉಸಿರಿಗೆ ಹೇಳತೊಡಗಿದರು. ಅದನ್ನು ಇಂಗ್ಲಿಷಿಗೆ ತಿರುಗಿಸಹೊರಟ ನನಗೆ ಅದರಲ್ಲಿ ಅರ್ಧದಷ್ಟೂ ಅರ್ಥವಾಗಿರಲಿಲ್ಲ. ಹಿರಿಯರ ಬಾಯಿಂದ ಕಲಿತ ಭಾಷೆ ನನ್ನದೆಂಬ ಜಂಬವೇನೋ ನನಗಿತ್ತು, ಆದರೆ ಆ ಹಿರಿಯರೆಲ್ಲ ಗದ್ದೆಯವರು.

"ಹೀ ಸೇಸ್..." ಎಂದು ಸಣ್ಣ ದನಿಯೊಂದು ಕೇಳಿತು. ನಿಧಿ. ಅಳಿವೆಯ, ಅಂದರೆ ಆ ನದಿಬಾಯಿಯ, ಹೊರಗೆ ಮಂಜಿಯನ್ನು ನಿಲ್ಲಿಸಿಕೊಂಡು ತೆರೆ ಎಣಿಸಬೇಕು, ಮೂರು ದೊಡ್ಡವು ಹೋದ ಮೇಲೆ ಕಡಲು ಒಂದು ಉಸಿರು ತೆಗೆದುಕೊಳ್ಳುತ್ತದೆ, ಆ ಉಸಿರಿನಲ್ಲಿ ನುಗ್ಗಬೇಕು. ಅಜ್ಜನ ಅಪ್ಪ ಎಣಿಸುವಾಗ ಹಡಗಿನಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. ಇಷ್ಟನ್ನೂ ಅವಳು ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಮಾವನವರು ಈಗಷ್ಟೇ ಹೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು. ವಾಲ್ಟರ್ ಮೂರು ಬೆರಳೆತ್ತಿ, ಆಮೇಲೆ ಎದೆತುಂಬ ಉಸಿರೆಳೆದು ತೋರಿಸಿದ. ಮಾವನವರೂ ಮೂರು ಬೆರಳೆತ್ತಿದರು. ಮುದುಕರಿಬ್ಬರೂ ಯಾವುದೋ ಮದುವೆಯಲ್ಲಿ ಸಿಕ್ಕ ಬೀಗರಂತೆ ನಕ್ಕರು. ಮರದ ಗೋಡೆಗಳನ್ನು ತಂದ ಹಡಗಿನ ಮೇಲೆ, ಹೆಂಚಿನ ಸೂರುಗಳನ್ನು ಹೊತ್ತವರು ನಿಂತಿದ್ದರು. ಎರಡನ್ನೂ ಸೇರಿಸಿದರೆ ಒಂದು ಇಡೀ ಮನೆಯಾಗುತ್ತಿತ್ತು.

ಹೊರಡುವಾಗ ಮಾವನವರಿಗೆ ಒಂದೇ ಒಂದು ಅಸಮಾಧಾನ. "ಹಡಗಿನ ಮೋರೆ ದಡಕ್ಕೆ ಮಾಡಿ ಕಟ್ಟಿದ್ದಾರೆ ಮಾರಾಯ್ರೆ. ಕಟ್ಟುವಾಗ ಮೋರೆ ಅಳಿವೆಗೆ ಇರ್ಬೇಕು."

"ಲೈಕ್ ಅಜ್ಜಾಸ್ ಚಪ್ಪಲ್ಸ್, ಅಪ್ಪಾ" ಎಂದಳು ನಿಧಿ. "ಹೀ ಟೋಲ್ಡ್ ಮಿ ಲೈಕ್ ಹಂಡ್ರೆಡ್ ಟೈಮ್ಸ್."

ನನ್ನ ಶಾಸ್ತ್ರದ ಬುಡಕ್ಕೇ ಕೊಡಲಿ ಬಿದ್ದಿತ್ತು. "ಮಾವ, ಮೂತಿ ಹೊರಗೆ ಮಾಡಿ ಬಿಡೋದು ಊರಿಗೆ ಹೊರಡೋ ಆತುರಕ್ಕಲ್ವಾ?" ಎಂದೆ.

"ಛೆ! ಹೊರಡುವವ ಎಂತಕೆ ಮೋರೆ ತಿರುಗಿಸ್ತಾನೆ, ಹೊರಟೇ ಹೋಗ್ತಾನೆ. ಬಂದು ಮುಟ್ಟಿದವ ತಿರುಗಿಸುವುದು. ಮನೆ ಸೇರಿದೆ, ಇನ್ನು ಎಂತ ತೆರೆ ಬಂದರೂ ಮೋರೆ ಕೊಡ್ತೇನೆ ಅಂತ" ಎಂದವರು, ಆಮೇಲೆ ಮೊಮ್ಮಗಳ ಕಡೆ ನೋಡಿ, "ಅಲ್ವೇ ಹುಡುಗಿ, ನೀನು ಇಷ್ಟು ದಿನ ಕೇಳ್ತಾ ಇದ್ದಿದ್ಯಾ?" ಎಂದರು.

"ಐ ಸೆಡ್ ಓಕೆ, ಅಜ್ಜ. ಎವ್ರಿ ಟೈಮ್!"

ಟಿಕೆಟ್ಟಿನ ಮಾತು ಫ್ರೀವೇಯಲ್ಲಿ ಬರಲಿಲ್ಲ, ಮನೆಯಲ್ಲೂ ಬರಲಿಲ್ಲ. ಎರಡು ದಿನ ಕಾದು ನಾನೇ ಎತ್ತಿದಾಗ, "ಶನಿವಾರ ಹಗ್ಗಕ್ಕೆ ಡಾಂಬರು ಹಚ್ಲಿಕ್ಕೆ ಬರ್ತೇನೆ ಅಂತ ಆ ಗಡ್ಡದವನಿಗೆ ಮಾತು ಕೊಟ್ಟಾಗಿದೆ, ಮಗು ನನ್ನ ಹೆಸರಲ್ಲಿ ಒಪ್ಪಿಬಿಟ್ಟಿದ್ದಾಳೆ" ಎಂದು ನಿಟ್ಟುಸಿರುಬಿಟ್ಟರು. ಇಷ್ಟು ಸಂತೋಷದ ನಿಟ್ಟುಸಿರನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಅಂದಿನಿಂದ ಅಜ್ಜ ಮೊಮ್ಮಗಳಿಗೆ ಪ್ರತಿ ಶನಿವಾರವೂ ಹಡಗು. ನಾನು ಸಾರಥಿ, ಶೈಲಾಳದು ಅವಲಕ್ಕಿ.

ಆರನೆಯ ತಿಂಗಳಲ್ಲಿ, ಮಾವನವರ ಪ್ರಯಾಣಕ್ಕೆ ಇನ್ನೂ ಎರಡು ವಾರವಿರುವಾಗ, ಗಾಳಿಯ ಮೇಲೆ ಓಡುತ್ತಿದ್ದ ನಮ್ಮ ಕಂಪನಿಗೆ ಗಾಳಿ ನಿಂತಿತು. ಕೆಲಸ ಕಳೆದುಕೊಂಡು, ಮಧ್ಯಾಹ್ನದ ಹೊತ್ತಿಗೇ ಮೇಜಿನ ಸಾಮಾನು ತುಂಬಿದ ರಟ್ಟಿನ ಡಬ್ಬಿಯೊಂದನ್ನು ಎದೆಗವಚಿಕೊಂಡು ಮನೆಗೆ ಬಂದೆ. ಮಾವನವರು ಬಾಗಿಲು ತೆರೆದು, ಡಬ್ಬಿಯನ್ನೂ ನನ್ನನ್ನೂ ನೋಡಿದರು.

"ಗಾಳಿ ಬಿತ್ತಾ, ಅಳಿಯಂದ್ರೆ?"

"ಬಿತ್ತು ಮಾವ."

"ಬೀಳ್ತದೆ. ಬನ್ನಿ, ಚಾ ಕುಡಿಯುವಾ."

ಬಾಗಿಲ ಬಳಿ ಅವರ ಚಪ್ಪಲಿ ನಿಂತಿತ್ತು. ಅದಕ್ಕೊತ್ತಿಕೊಂಡು ನಿಧಿಯ ಆಟದ ಬೂಟುಗಳೂ, ದೊಡ್ಡ ಮಂಜಿಯ ಮಗ್ಗುಲಿಗೆ ಕಟ್ಟಿದ ದೋಣಿಗಳಂತೆ, ಮೂತಿ ಹೊರಗೆ ಮಾಡಿ ನಿಂತಿದ್ದವು. ನನ್ನ ಬೂಟುಗಳನ್ನು ಅಭ್ಯಾಸಬಲದಿಂದ ಏರಿಗೊಂದು ನೀರಿಗೊಂದು ಒದ್ದು ಎರಡು ಹೆಜ್ಜೆ ಒಳಗೆ ನಡೆದವನು ಹಿಂದಿರುಗಿ ಬಂದೆ. ಡಬ್ಬಿಯನ್ನು ಕೆಳಗಿಟ್ಟು, ಬಗ್ಗಿ, ಎರಡನ್ನೂ ಜೋಡಿಸಿ ಬೀದಿಯ ಕಡೆಗೆ ತಿರುಗಿಸಿದೆ. ಆಮೇಲೆ ಚಹಾಕ್ಕೆ ಹೋದೆ.