ಗೂಳಪ್ಪ ಅಳೆದ ನೀರು

ಹಳಿಯಾಳದ ಕಡೆಯ ನಮ್ಮ ಊರಿನಲ್ಲಿ ಸಮುದ್ರ ಕಂಡವನು ಗೂಳಪ್ಪ ಒಬ್ಬನೇ. ಮುಂಬಯಿಯ ಸರಕು ಹಡಗಿನಲ್ಲಿ ಖಲಾಸಿ. ಹಗ್ಗ ಕಟ್ಟಿದ ಬಕೆಟ್ ಇಳಿಸಿ ಸಮುದ್ರದ ಮೇಲ್ನೀರು ಎತ್ತುವುದು, ಥರ್ಮಾಮೀಟರ್ ಅದ್ದಿ ಬಿಸಿ ಎಷ್ಟೆಂದು ಸಾಹೇಬರಿಗೆ ಹೇಳುವುದು ಅವನ ಕೆಲಸಗಳಲ್ಲೊಂದು. "ಇದಕ್ಕೂ ಪಗಾರ ಕೊಡ್ತಾರ?" ಎಂದು ಊರೆಲ್ಲ ನಗುತ್ತಿತ್ತು. ನಾನೂ ನಕ್ಕವನೇ.

೧೯೬೨ರ ಸುಗ್ಗಿಗೆ ರಜೆಯ ಮೇಲೆ ಬಂದವನು, ಚಂಡಮಾರುತ ಬರುತ್ತದೆಂದು ಗಂಟಲು ಹರಿದುಕೊಂಡು ಹೆಂಡತಿ ಕಾಶೆವ್ವನ ಹಸಿ ಭತ್ತವನ್ನೇ ಬಣವೆ ಹಾಕಿಸಿದ. ಗಾಳಿ ಅರಬಸ್ತಾನದ ಕಡೆ ತಿರುಗಿತು. ಭತ್ತ ಬಣವೆಯಲ್ಲೇ ಮುಗ್ಗಿತು. ಗಂಡ ಹಡಗಿನಲ್ಲಿದ್ದಾಗ ಅವಳೊಬ್ಬಳೇ ಬಿತ್ತಿ, ಕಳೆ ತೆಗೆದು ಬೆಳೆದ ಪೈರು! ಎಂಟು ದಿನ ಅವನ ಜೊತೆ ಮಾತು ಬಿಟ್ಟಳು.

ಮರುವರ್ಷ ಸುಗ್ಗಿಗೆ ಮತ್ತೆ ಬಂದ. ಕೊಯ್ದ ಭತ್ತ ಗದ್ದೆಯಲ್ಲಿ ಒಣಗಿ ಬಿದ್ದಿತ್ತು. ಒಂದು ಸೋಮವಾರ ಬೆಳಿಗ್ಗೆ ಪಂಚಾಯಿತಿ ಕಟ್ಟೆಯ ರೇಡಿಯೊ, ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದು ಕರಾವಳಿಯತ್ತ ಸರಿಯುತ್ತಿದೆ ಎಂದಿತು. ಗೂಳಪ್ಪ ಕಟ್ಟೆ ಹತ್ತಿ ನಿಂತ.

"ಕೊಲಂಬೊದಿಂದ ಬರೂವಾಗ ನಾನ ಅಳದೇನಿ, ಎಂಬತ್ನಾಕು ಡಿಗ್ರಿ ಫ್ಯಾರನ್‌ಹೀಟ್. ಎಂಬತ್ತು ದಾಟಿದ್ರ ನೀರು ಉಗಿಯಾಗಿ ಮ್ಯಾಲ ಏರತೈತಿ, ಮೋಡ ಕಟ್ಟತೈತಿ. ಆ ಜಾಗಾ ತುಂಬಾಕ ಸುತ್ತಲಿನ ಗಾಳಿ ಓಡಿ ಬಂದು ಗಿರಗಿರ ತಿರಗತೈತಿ. ಬಿಸಿ ನೀರ ಅದರ ಊಟ."

"ಹೋದ ವರ್ಷನೂ ಬಿಸಿ ಇತ್ತಲ್ಲೋ?" ಎಂದರು ಹಿರಿಯ ನಾಗಲಿಂಗಪ್ಪ.

"ಇತ್ರಿ ಕಾಕಾ. ಬಿಸಿ ನೀರು ಅದನ್ನ ಬೆಳಸತೈತಿ, ದಾರಿ ತೋರ್ಸೂದಿಲ್ಲ. ನಂದ ತಪ್ಪಾತು. ಈ ಸಲ ಅದು ಈ ಕಡೆನ ಹೊಂಟೈತಿ."

ಯಾರೂ ಏಳಲಿಲ್ಲ. ಸೋಮವಾರ ಬಸವಣ್ಣನ ದಿನ, ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗೂಳಪ್ಪ, ಕೊಡ ಹೊತ್ತು ಅಲ್ಲೇ ನಿಂತಿದ್ದ ಕಾಶೆವ್ವನ ಮುಖ ನೋಡಿದ. ಮನೆಗೆ ಹೋದವನೇ ಚಕ್ಕಡಿಯ ನೊಗವನ್ನು ತನ್ನ ಹೆಗಲಿಗೇ ಏರಿಸಿ, ಕಟ್ಟೆಯ ಮುಂದಿನಿಂದಲೇ ಗದ್ದೆಯತ್ತ ಎಳೆದುಕೊಂಡು ಹೊರಟ.

ನಾನು ಹೊಟ್ಟೆ ಹಿಡಿದು ನಕ್ಕೆ. ಕಾಶೆವ್ವ ನಗಲಿಲ್ಲ. ಕೊಡ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೊಗದ ಇನ್ನೊಂದು ತುದಿಗೆ ಹೆಗಲು ಕೊಟ್ಟಳು. ನನಗೆ ನಾಚಿಕೆಯಾಯಿತು. ಹಿಂದಿನಿಂದ ನೂಕತೊಡಗಿದೆ. ನಾಗಲಿಂಗಪ್ಪ ಬೈಯುತ್ತಲೇ ತಮ್ಮ ಚಕ್ಕಡಿಯನ್ನೂ ಹೊರಗೆ ತೆಗೆಸಿದರು. ಮಧ್ಯಾಹ್ನದ ಹೊತ್ತಿಗೆ ಊರೇ ಗದ್ದೆಯಲ್ಲಿತ್ತು. ಎತ್ತುಗಳು ನೆರಳಲ್ಲಿ ಮೆಲುಕು ಹಾಕುತ್ತ ನಮ್ಮ ಪಾಡು ನೋಡುತ್ತಿದ್ದವು.

ಸಂಜೆ ಕೊನೆಯ ಸಿವುಡು ಬಣವೆ ಏರುವಷ್ಟರಲ್ಲಿ ಮಳೆ ರಪರಪ ಇಳಿಯಿತು. ಎರಡು ದಿನ ಬಿಡಲಿಲ್ಲ.

ಗೂಳಪ್ಪ ಬೀಗಿದ್ದೇ ಬೀಗಿದ್ದು. "ಈಗರ ನನ್ನ ಸಮುದ್ರದ ಮ್ಯಾಲ ನಂಬಿಕಿ ಬಂತ?" ಎಂದು ಹೆಂಡತಿಯನ್ನು ಕೇಳಿದ.

ಕಾಶೆವ್ವ ಅವನ ಕೆಂಪಾದ ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದಳು. "ಸಮುದ್ರದ ಸುದ್ದಿ ನನಗ ಗೊತ್ತಿಲ್ರಿ," ಎಂದಳು. "ನಾ ಬೆಳದ ಭತ್ತಕ್ಕ ನೀವು ಎತ್ತಾದ್ರಿ. ನಾ ನಂಬಿದ್ದು ಅದನ್ನ."