ಭಟ್ಟರ ಮೂಗಿಗೆ ತಲುಪಿದ ಸಾರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಕಂಡದ್ದು, ಕೈಗೆ ಸಿಕ್ಕಿದ್ದು ಮಾತ್ರ ನಿಜ ಎನ್ನುವ ಜಾತಿ ನನ್ನದು. ಈಗಲೂ ದೆವ್ವ ಭೂತ ನಂಬುವವನಲ್ಲ. ಆದರೂ ಇದೊಂದನ್ನು ಬರೆಯುತ್ತಿದ್ದೇನೆ. ಓದಿ ನೀವು ನಕ್ಕರೂ ಸರಿ, ನನ್ನನ್ನು ಬೈದರೆ ಇನ್ನೂ ಸರಿ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮುಂಬೈಯ ಸಯನ್ ಸ್ಟೇಷನ್ ಹತ್ತಿರ ನನ್ನದೊಂದು ಸಣ್ಣ ಊಟದ ಹೋಟೆಲು. ಅಡಿಗೆ ಉಡುಪಿ ಕಡೆಯ ವಾಸುದೇವ ಭಟ್ಟರದು. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಹೋಟೆಲು ನಡೆಸುವುದನ್ನು ನನಗೆ ಕಲಿಸಿದವರೇ ಅವರು. ದೇವರಿಗೆ ಇಡುವ ಮೊದಲು ಅಡಿಗೆಯ ರುಚಿ ನೋಡಬಾರದೆಂಬ ನಿಯಮವನ್ನು ಮುಂಬೈಯಲ್ಲೂ ಬಿಟ್ಟಿರಲಿಲ್ಲ. ಕುದಿಯುವ ಸಾರಿನ ಆವಿಗೆ ಮೂಗು ಒಡ್ಡಿ, ಉಪ್ಪು ಸಾಲದು, ಸರಿಯಾಯಿತು ಎನ್ನುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ.

ಅವರಿಗೆ ಹೊಟ್ಟೆಯ ಕ್ಯಾನ್ಸರ್ ಆಯಿತು. ಇನ್ನು ಮಾಡುವಂಥದ್ದೇನೂ ಇಲ್ಲ, ಊರಿಗೆ ಕರೆದುಕೊಂಡು ಹೋಗಿ ಎಂದರು ಆಸ್ಪತ್ರೆಯವರು. ಅಷ್ಟು ದೂರದ ಪ್ರಯಾಣ ತಾಳುವ ಸ್ಥಿತಿ ಅವರದಾಗಿರಲಿಲ್ಲ. ಆಸ್ಪತ್ರೆಗಳು ಕೈಬಿಟ್ಟವರನ್ನು ನೋಡಿಕೊಳ್ಳುತ್ತಿದ್ದ ಕ್ರೈಸ್ತ ಸಿಸ್ಟರುಗಳ ಮನೆಯೊಂದು ಅಂಧೇರಿಯಲ್ಲಿತ್ತು, ಅಲ್ಲಿಗೆ ಸೇರಿಸಿದೆ. ಭಟ್ಟರಿಗೆ ಮಾತ್ರ ಅಲ್ಸರ್ ಎಂದೆ. ಒಂದು ತಿಂಗಳು ವಿಶ್ರಾಂತಿ, ಆಮೇಲೆ ಅಡಿಗೆಮನೆ ನಿಮ್ಮದೇ ಎಂದೆ. ಊರಿನಲ್ಲಿರುವ ಹೆಂಡತಿಯನ್ನು ಕರೆಸೋಣವೇ ಎಂದು ಅವರು ಕೇಳಿದಾಗ, ಸುಮ್ಮನೆ ಯಾಕೆ ಗಾಬರಿ ಮಾಡುವುದು, ಗುಣವಾದ ಮೇಲೆ ನೀವೇ ಹೋಗಿ ಬನ್ನಿ ಎಂದೆ. ಆ ವಾರವೇ ಹೊಸ ಅಡಿಗೆಯವನನ್ನು ಇಟ್ಟುಕೊಂಡಿದ್ದೆ. ಅದನ್ನು ಹೇಳಲಿಲ್ಲ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಿಸಬಹುದಂತೆ. ನನ್ನ ಸುಳ್ಳೂ ಅಂಥ ಒಳ್ಳೆಯ ಸುಳ್ಳೇ ಎಂದುಕೊಂಡಿದ್ದೆ. ನಿಜ ಬೇರೆ. ಆಕೆ ಬಂದರೆ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಇಟ್ಟುಕೊಳ್ಳಬೇಕು, ದಿನಾ ಆಕೆಯ ಅಳು ನೋಡಬೇಕು. ನನಗದು ಬೇಡವಾಗಿತ್ತು.

ಅಲ್ಲಿ ಮಂಗಳೂರು ಕಡೆಯ ಸಿಸ್ಟರ್ ಒಬ್ಬರಿದ್ದರು. ಅಡಿಗೆಮನೆಯ ಹೊಸ್ತಿಲು ದಾಟಲು ನನ್ನನ್ನೂ ಬಿಡದಿದ್ದ ಭಟ್ಟರು ಅವರ ಕೈಯಿಂದ ಗಂಜಿ ಕುಡಿಯುತ್ತಿದ್ದರು. ಒಂದು ದಿನ ಸಿಸ್ಟರ್ ನನ್ನನ್ನು ಹೊರಗೆ ಕರೆದರು.

“ಇಲ್ಲಿ ಗುಣ ಮಾಡ್ಲಿಕ್ಕೆ ಆಗುದಿಲ್ಲ. ನೋವು ಕಡಿಮೆ ಇರ್ಬೇಕು, ಬೇಕಾದವರು ಹತ್ತಿರ ಇರ್ಬೇಕು, ಅಷ್ಟೇ ನಮ್ಮ ಕೆಲಸ. ಅವರ ಹೆಂಡತಿಗೆ ಬರೀರಿ.”

ಆಯಿತು ಎಂದೆ. ಬರೆಯಲಿಲ್ಲ.

ಹತ್ತು ದಿನ ಕಳೆದು ಒಂದು ಮಧ್ಯಾಹ್ನ ಹೋದೆ. ಭಟ್ಟರು ಕಣ್ಣು ಮುಚ್ಚಿ ಮಲಗಿದ್ದರು. ಗಂಜಿಯೂ ನಿಂತು ಎರಡು ದಿನವಾಗಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಇದ್ದಕ್ಕಿದ್ದಂತೆ ಅವರ ಮೂಗಿನ ಹೊಳ್ಳೆಗಳು ಅರಳಿದವು.

“ಸಾರಿಗೆ ಉಪ್ಪು ಬೀಳ್ಲಿಲ್ಲ. ಹೊಸ ಭಟ್ಟ ಮರೆತಿದ್ದಾನೆ.”

ಹೊಸಬ ಯಾರೂ ಇಲ್ಲ ಭಟ್ರೇ ಎಂದೆ. ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ.

“ನಾನು ವಾಪಸ್ ಬರುದಿಲ್ಲಾಂತ ನಿನಗೆ ಗೊತ್ತಿತ್ತಲ್ಲ ಮಾರಾಯ. ಅವಳಿಗೆ ಒಂದು ಕಾಗದ ಬರೀಬಹುದಿತ್ತು.”

ಬಾಲ ಸುಟ್ಟ ಬೆಕ್ಕಿನಂತೆ ಅಲ್ಲಿಂದ ಹೊರಬಿದ್ದೆ. ಮೊದಲು ಅವರ ಊರಿಗೆ ತಂತಿ ಕೊಟ್ಟೆ. ಆಮೇಲೆ ಲೋಕಲ್ ರೈಲು ಹಿಡಿದು, ದಾದರಿನಲ್ಲಿ ಬದಲಾಯಿಸಿ ಹೋಟೆಲಿಗೆ ಬಂದರೆ ಸಪ್ಲೈಯರ್ ಬಾಗಿಲಲ್ಲೇ ದೂರು ಹೇಳಿದ. ಸಾರು ಪೂರ್ತಿ ಸಪ್ಪೆಯಂತೆ, ಊಟಕ್ಕೆ ಕೂತವರೆಲ್ಲ ಗಲಾಟೆ ಮಾಡಿದರಂತೆ. ಎಷ್ಟು ಹೊತ್ತಿಗೆ ಎಂದು ಕೇಳಿದೆ. ಹನ್ನೆರಡೂವರೆ ಇರಬಹುದು ಎಂದ.

ಹೊಸ ಅಡಿಗೆಯವನ ಸುದ್ದಿಯನ್ನು ಯಾರಾದರೂ ಭಟ್ಟರ ಕಿವಿಗೆ ಹಾಕಿರಬಹುದೇ ಎಂದು ಎಲ್ಲರನ್ನೂ ವಿಚಾರಿಸಿದೆ. ನನ್ನನ್ನು ಬಿಟ್ಟು ಅವರನ್ನು ನೋಡಲು ಒಬ್ಬರೂ ಹೋಗಿರಲಿಲ್ಲ. ಹೋಗಿದ್ದರೂ, ಆ ಹೊತ್ತಿನ ಉಪ್ಪಿನ ವಿಷಯ? ಇಷ್ಟು ವರ್ಷ ಯೋಚಿಸಿ ಸಾಕಾಗಿದೆ. ಉತ್ತರ ಸಿಕ್ಕಿಲ್ಲ.

ಭಟ್ಟರು ಮೂರನೆಯ ದಿನ ಬೆಳಿಗ್ಗೆ ತೀರಿಕೊಂಡರು. ಹೆಂಡತಿ ಬಂದು ಮುಟ್ಟಿದ್ದು ಅದರ ಮರುದಿನ. ಮೊದಲೇ ಗೊತ್ತಿರಲಿಲ್ಲವೇ ಎಂದು ಕೇಳಿದರು. ಇಲ್ಲ ಅಮ್ಮ, ಎಲ್ಲ ಒಮ್ಮೆಲೇ ಆಯಿತು ಎಂದೆ. ಆಕೆ ನನಗೆ ಕೈಮುಗಿದರು.

“ನೀವಾದ್ರೂ ಹತ್ತಿರ ಇದ್ರಲ್ಲ.”

ನಾನು ಇರಲಿಲ್ಲ. ಆ ಮಧ್ಯಾಹ್ನದ ಮೇಲೆ ಭಟ್ಟರಿಗೆ ಮುಖ ತೋರಿಸುವ ಧೈರ್ಯ ನನಗೆ ಬರಲಿಲ್ಲ. ಅದನ್ನೂ ಆಕೆಗೆ ಹೇಳಲಿಲ್ಲ.