ಹರಾಜಿನಲ್ಲಿ ಕೊಂಡ ಮನೆ

ಬೀದರಿನಲ್ಲಿ ನಮ್ಮದು ಬಾಡಿಗೆ ಮನೆ. ನಾನು ದಿನಾ ಔರಾದಿಗೆ ಬಸ್ಸಿನಲ್ಲಿ ಹೋಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ನನ್ನ ಗಂಡ ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಯೊಂದರಲ್ಲಿದ್ದರು. ಕಂದಾಯ ಬಾಕಿ ಉಳಿದ ಮನೆಯೊಂದು ಹರಾಜಿಗೆ ಬಂದಿದೆ ಎಂಬ ಸುದ್ದಿಯನ್ನು ಅವರೇ ತಂದರು. ಹತ್ತಿರದ ಸಣ್ಣ ಊರು, ಹೆಸರು ಬೇಡ. ನಮ್ಮನ್ನು ಬಿಟ್ಟರೆ ಹರಾಜು ಕೂಗಲು ಇಬ್ಬರೇ ಬಂದಿದ್ದರು. ಮನೆ ನಮಗಾಯಿತು.

ಬೀಗ ಒಡೆದು ಕಸ ಗುಡಿಸುತ್ತಿದ್ದ ದಿನ ಪಕ್ಕದ ಮನೆಯಾಕೆ ಬಾಗಿಲಲ್ಲಿ ಬಂದು ನಿಂತಳು.

"ಅಕ್ಕಾರ, ಈ ಮನಿ ಅಜ್ಜಿ ಮೆಹಕರದಾಗ ಮಗಳ ಹತ್ರ ಅದಾಳ್ರಿ. ಹರಾಜಾಗಿದ್ದು ಆಕಿಗಿ ಗೊತ್ತೇ ಇಲ್ಲ. ಒಂದ್ ಮಾತ್ ತಿಳಸ್ರಿ."

ಸಂಜೆ ಗಂಡನಿಗೆ ಹೇಳಿದೆ. "ಬಾಗಲಿಗಿ ನೋಟಿಸ್ ಹಚ್ಚೀವಂತ ಆಫೀಸಿನವರು ಬರ್ದುಕೊಟ್ಟಾರ. ನಾವ್ಯಾಕ ತೆಲಿ ಕೆಡಿಸ್ಕೋಬೇಕು?" ಎಂದರು. ಭಾಲ್ಕಿಗೆ ಹೋಗಿ ಇನ್ನೊಂದು ಬಸ್ಸು ಹತ್ತಿದ್ದರೆ ಮೆಹಕರ. ಒಂದು ರವಿವಾರ ಸಾಕಿತ್ತು. ನಾನು ಹೋಗಲಿಲ್ಲ. ಅಜ್ಜಿಗೆ ತಿಳಿದರೆ ಮನೆ ಕೈತಪ್ಪುತ್ತದೆ ಎಂದು ನನಗೆ ಗೊತ್ತಿತ್ತು. ಗಂಡನ ಮಾತು ನನಗೊಂದು ನೆಪವಾಯಿತು, ಅಷ್ಟೇ.

ಎಂಟು ತಿಂಗಳಿಗೆ ಕೋರ್ಟಿನ ಕಾಗದ ಬಂತು. ಸುದ್ದಿ ಹೇಗೋ ತಿಳಿದು ಅಜ್ಜಿ ಕೇಸು ಹಾಕಿದ್ದಳು. ಊರು ಬಿಡುವಾಗಲೇ ಅಜ್ಜಿ ಮಗಳ ವಿಳಾಸವನ್ನು ಕಂದಾಯದ ಕಚೇರಿಗೆ ಬರೆದುಕೊಟ್ಟಿದ್ದಳಂತೆ. ಆ ವಿಳಾಸಕ್ಕೆ ಒಂದು ಚೀಟಿಯೂ ಹೋಗಿರಲಿಲ್ಲ. ಕೇಸು ಎರಡು ವರ್ಷ ನಡೆಯಿತು. ಹರಾಜು ರದ್ದಾಯಿತು. ಬಾಕಿ ಕಂದಾಯ ಕಟ್ಟಿ ಅಜ್ಜಿ ಮನೆ ಪಡೆಯಬೇಕು, ನಾವು ಕಟ್ಟಿದ ಹಣವನ್ನು ಕಚೇರಿ ಬಡ್ಡಿ ಸಮೇತ ಹಿಂದಿರುಗಿಸಬೇಕು ಎಂದು ತೀರ್ಪಾಯಿತು.

"ನಿಮ್ದೇನೂ ತಪ್ಪಿಲ್ರಿ ಮೇಡಮ್. ನಿಮಗ ಗೊತ್ತಿಲ್ದ ತಗೊಂಡೀರಿ ಅಂತ ಜಡ್ಜ್ ಸಾಹೇಬ್ರೇ ಬರ್ದಾರ," ಎಂದರು ವಕೀಲರು, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾ. ನಾನು ಆ ಸಾಲನ್ನು ಪೂರ್ತಿ ಓದಲಿಲ್ಲ.

ಕೀಲಿಕೈ ಕೊಡುವ ದಿನ ಅಜ್ಜಿಯನ್ನು ಮೊದಲ ಸಲ ನೋಡಿದೆ. ಮಗಳ ತೋಳು ಹಿಡಿದು ಒಳಗೆ ಬಂದವಳು ಸೀದಾ ನಡುಮನೆಯ ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ತಡವಿದಳು.

"ಇಲ್ಲಿ ಅಕ್ಷರ ಇದ್ವಲ್ರಿ?"

ಅವಳ ಗಂಡ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದನಂತೆ. ಕೈ ಕುದುರಲೆಂದು ಆ ಗೋಡೆಯ ಮೇಲೆ ಕನ್ನಡ, ಮರಾಠಿ, ಉರ್ದು ಮೂರನ್ನೂ ಬರೆದು ನೋಡುತ್ತಿದ್ದನಂತೆ. ನಾವು ಇರಲು ಬಂದಾಗ ಅದನ್ನು ಕೆರೆಸಿ, ಎರಡು ಕೈ ತಿಳಿನೀಲಿ ಬಣ್ಣ ಹೊಡೆಸಿದ್ದೆವು.

"ಬಣ್ಣ ಹೊಡಸೀವ್ರಿ ಅಜ್ಜಿ," ಎಂದೆ.

"ಇರ್ಲಿ ಬಿಡವ್ವ. ಮನಿ ಛಲೋ ಇಟ್ಕೊಂಡೀರಿ." ಆಮೇಲೆ ಕೇಳಿದಳು, "ಈಗ ನೀವು ಎಲ್ಲಿಗಿ ಹೋಗ್ತೀರಿ?"

ಮತ್ತೆ ಬೀದರಿನಲ್ಲೇ ಬಾಡಿಗೆ ಮನೆ ನೋಡಿದ್ದೇವೆ ಎಂದೆ. ಅವಳು ನಮಗಾಗಿ ಮರುಗುವಂತೆ ತಲೆಯಾಡಿಸಿದಳು. ಆಗ ಹೇಳಬೇಕಿತ್ತು, ನೀನಿದ್ದ ಊರು ನನಗೆ ಮೊದಲ ದಿನವೇ ತಿಳಿದಿತ್ತು ಎಂದು. ಗಂಡ ಟೆಂಪೊದ ಹತ್ತಿರ ನಿಂತು ಕರೆದರು. ಹೊರಟುಬಿಟ್ಟೆ.

ಹಣ ತಡವಾದರೂ ಪೂರ್ತಿ ಬಂತು. ಅದರಿಂದ ಎರಡು ಕೋಣೆಯ ಮನೆ ಕೊಂಡೆವು. ಕೊಳ್ಳುವ ಮೊದಲು ಮಾರುವವನ ತಾಯಿಯನ್ನೂ ತಂಗಿಯರನ್ನೂ ನಾನೇ ಹೋಗಿ, ಒಪ್ಪಿಗೆ ಇದೆಯೇ ಎಂದು ಕೇಳಿ ಬಂದೆ. ಅಜ್ಜಿ ಈಗಲೂ ಆ ಮನೆಯಲ್ಲೇ ಇದ್ದಾಳೆಂದು ಕೇಳಿದ್ದೇನೆ. ನಾನು ಇನ್ನೂ ಹೋಗಿಲ್ಲ.